ಹೊಸ ಲ್ಯಾಪ್‌ಟಾಪ್ ಇನ್ನೂ ಬಂದಿಲ್ಲ, ಕ್ಯಾನ್ಸಲ್ ಮಾಡಲಾ? ಬಂದ ಮೇಲೆ ಮೊದಲು ಏನು ನೋಡಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮ ಮೇಲಲ್ಲ, ನನ್ನ ಮೇಲೇ. ಆರ್ಡರ್ ಹಾಕಿ ಹನ್ನೆರಡು ದಿನ ಆಯ್ತು, ನಾಲ್ಕು ದಿನದಿಂದ ‘ಶಿಪ್ಡ್’ ಅಂತಲೇ ತೋರಿಸ್ತಿದೆ, ಕ್ಯಾನ್ಸಲ್ ಮಾಡಿ ಅಂಗಡಿಯಲ್ಲೇ ತಗೊಳ್ಳಲಾ ಅಂತ ಕೇಳಿದ್ದೀರಿ. ಬಂದ ಮೇಲೆ ಮೊದಲು ಏನು ನೋಡಬೇಕು ಅಂತಲೂ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ, ಕ್ಯಾನ್ಸಲ್ ಮಾಡಬೇಡಿ. ಎರಡನೆಯದಕ್ಕೆ ನನ್ನ ಕತೆಯನ್ನೇ ಹೇಳಬೇಕಾಗುತ್ತದೆ. ನಾನು ಅದರಲ್ಲಿ ಚೆನ್ನಾಗಿ ಎಡವಿದವನು.

ನಾನಿರೋದು ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ. ಮನೆಯಲ್ಲೇ ಕೂತು ಕನ್ನಡ ಟೈಪಿಂಗ್, ಕರಡು ತಿದ್ದೋದು, ಸಣ್ಣಪುಟ್ಟ ಪುಸ್ತಕಗಳ ಪುಟ ಕಟ್ಟೋದು ನನ್ನ ಕೆಲಸ. ಹಳೇ ಲ್ಯಾಪ್‌ಟಾಪ್ 2017ರದ್ದು, ಇಂಟೆಲ್‌ನ ಏಳನೇ ತಲೆಮಾರಿನ ಐ3 ಪ್ರೊಸೆಸರ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯುತ್ತದೆ ಅಂತ ಅದು ದಿನಾ ನೆನಪಿಸುತ್ತಿತ್ತು. ವಿಂಡೋಸ್ 11 ಹಾಕೋಣ ಅಂದರೆ ಎಂಟನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್ ಬೇಕು. ಒಂದೇ ಒಂದು ತಲೆಮಾರು ಹಿಂದೆ ಬಿದ್ದು ನನ್ನದು ಫೇಲು. ಹಾಗಾಗಿ ಜೂನ್ ಮೊದಲ ವಾರ ಹೊಸದನ್ನು ಆರ್ಡರ್ ಮಾಡಿದೆ.

ಸಿದ್ಧ ಇರೋ ಮಾಡೆಲ್ ತಗೊಂಡಿದ್ದರೆ ವಾರದಲ್ಲಿ ಬರುತ್ತಿತ್ತು. ನಾನು ಸುಮ್ನೆ ಇರಲಾರದೆ ಕಂಪನಿಯ ಸೈಟಿನಲ್ಲಿ ‘ನಿಮಗೆ ಬೇಕಾದಂತೆ ಆರಿಸಿ’ ಅನ್ನೋ ಕಡೆ ಹೋದೆ. 8 ಜಿಬಿ ರ‍್ಯಾಮ್ ಬೇಡ, 16 ಇರಲಿ. ಸಾದಾ ಪರದೆ ಬೇಡ, ಒಳ್ಳೆಯದು ಇರಲಿ. ಹೀಗೆ ಆರಿಸಿದರೆ ಆ ಯಂತ್ರವನ್ನು ನಿಮ್ಮ ಆರ್ಡರ್ ಬಂದ ಮೇಲೇ ಜೋಡಿಸುತ್ತಾರೆ. ಜೋಡಿಸಿ, ಪರೀಕ್ಷೆ ಮಾಡಿ, ಬೇರೆ ದೇಶದ ಕಾರ್ಖಾನೆಯಾದರೆ ಕಸ್ಟಮ್ಸ್ ದಾಟಿ, ಆಮೇಲೆ ಇಲ್ಲಿನ ಗೋಡೌನಿಗೆ ಬರಬೇಕು. ಈ ಹಾದಿಯಲ್ಲಿ ನಾಲ್ಕೈದು ದಿನ ಏನೂ ಬದಲಾಗದೆ ಇರೋದು ಮಾಮೂಲು. ನಿಮ್ಮದೂ ಇಂಥದ್ದೇ ಆರ್ಡರ್ ಆಗಿದ್ದರೆ ಹನ್ನೆರಡು ದಿನ ಏನೂ ಅಲ್ಲ. ನನಗೆ ಇಪ್ಪತ್ತೆರಡು ದಿನ ಹಿಡಿಯಿತು.

‘ಶಿಪ್ಡ್’ ಅಂತ ಬಂದ ಮೇಲೆ ಕ್ಯಾನ್ಸಲ್ ಮಾಡಿದರೆ ಸಾಮಾನ್ಯವಾಗಿ ಪಾರ್ಸೆಲ್ಲು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಅದು ಗೋಡೌನ್ ಮುಟ್ಟಿದ ಮೇಲೆ ನಿಮ್ಮ ದುಡ್ಡು. ಅಲ್ಲಿಯವರೆಗೆ ಲ್ಯಾಪ್‌ಟಾಪೂ ಇಲ್ಲ, ದುಡ್ಡೂ ಇಲ್ಲ. ಅವರೇ ಕೊಟ್ಟ ಡೆಲಿವರಿ ದಿನಾಂಕ ದಾಟಿದರೆ ಮಾತ್ರ ಲಿಖಿತವಾಗಿ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಇನ್ನೊಂದು ಮಾತು. ಕಾಯುವವರ ತಾಳ್ಮೆಗೇ ಗಾಳ ಹಾಕುವವರಿದ್ದಾರೆ. ‘ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ಈ ಲಿಂಕ್ ಒತ್ತಿ ಇಪ್ಪತ್ತೈದು ರೂಪಾಯಿ ಕಟ್ಟಿ’ ಅಂತ ನನಗೂ ಮೆಸೇಜ್ ಬಂದಿತ್ತು. ಬೆರಳು ಹತ್ತಿರ ಹೋಗಿಯೂ ಇತ್ತು! ಒತ್ತಬೇಡಿ. ಒತ್ತಿ ದುಡ್ಡು ಹೋಯ್ತು ಅಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆ ಇಪ್ಪತ್ತೆರಡು ದಿನ ನಾನು ಏನು ಮಾಡಿದೆ? ಟ್ರ್ಯಾಕಿಂಗ್ ನೋಡಿದೆ. ಬೆಳಗ್ಗೆ ಎದ್ದು ನೋಡಿದೆ, ಕಾಫಿ ಕುಡಿದು ನೋಡಿದೆ, ದನ ಬಿಟ್ಟು ಬಂದು ನೋಡಿದೆ. ಬೆಂಗಳೂರಿಗೆ ಬಂದ ಪಾರ್ಸೆಲ್ಲು ಶಿವಮೊಗ್ಗಕ್ಕೆ ಬರುತ್ತದೆ ಅಂದುಕೊಂಡರೆ ಹುಬ್ಬಳ್ಳಿಗೆ ಹೋಯಿತು. ಅಲ್ಲಿ ಎರಡು ದಿನ ಮಲಗಿ ಆಮೇಲೆ ಶಿವಮೊಗ್ಗಕ್ಕೆ ಬಂತು. ಅಮ್ಮ ಒಂದು ದಿನ ಬೇಸತ್ತು, “ಹಲಸಿನಕಾಯಿ ತಂದು ಗೋಣಿಚೀಲ ಮುಚ್ಚಿಟ್ಟಿದ್ರೂ ಇಷ್ಟೊತ್ತಿಗೆ ಹಣ್ಣಾಗಿರೋದು ಮಾರಾಯ, ಆ ಫೋನ್ ಕೆಳಗಿಡು” ಅಂದರು.

ಟ್ರ್ಯಾಕಿಂಗ್ ಜೊತೆಗೆ ಇನ್ನೊಂದು ಕೆಟ್ಟ ಚಟ ಹಿಡಿಯಿತು. ಅದೇ ಮಾಡೆಲ್ಲಿನ ವಿಡಿಯೋಗಳನ್ನು ನೋಡೋದು. ಯಾರ್ಯಾರೋ ಡಬ್ಬ ಬಿಚ್ಚೋದನ್ನು ಹತ್ತು ಹನ್ನೆರಡು ಸಲ ನೋಡಿದೆ. ಯಂತ್ರ ಮನೆಗೆ ಬರುವ ಮೊದಲೇ ನಾನು ಅದನ್ನು ಮೆಚ್ಚಿಬಿಟ್ಟಿದ್ದೆ. ಮೆಚ್ಚಿದ ಮೇಲೆ ಹುಳುಕು ಕಾಣುತ್ತದಾ? ನನಗೆ ಕಾಣಲಿಲ್ಲ.

ಆ ಹೊತ್ತಿನಲ್ಲಿ ಮಾಡಬೇಕಾಗಿದ್ದ ಕೆಲಸ ಬೇರೆಯೇ ಇತ್ತು. ಹಳೆಯದರಲ್ಲಿರೋ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿಡೋದು, ಪಾಸ್‌ವರ್ಡ್ ಬರೆದುಕೊಳ್ಳೋದು, ಯಾವ ಸಾಫ್ಟ್‌ವೇರ್ ಮತ್ತೆ ಹಾಕಬೇಕು ಅಂತ ಪಟ್ಟಿ ಮಾಡೋದು. ಕನ್ನಡದಲ್ಲಿ ಕೆಲಸ ಮಾಡುವವರಾದರೆ ಫಾಂಟುಗಳನ್ನು ಮರೆಯಬೇಡಿ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ, ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ ಹಳೇ ಫೈಲುಗಳು ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತದೆ. ಅದನ್ನು ನೋಡಿ ಫೈಲೇ ಹಾಳಾಯ್ತು ಅಂತ ಎದೆ ಹೊಡೆದುಕೊಂಡವರನ್ನು ನಾನು ಬಲ್ಲೆ.

ಇಪ್ಪತ್ತೆರಡನೇ ದಿನ ಫೋನ್ ಬಂತು. “ಸರ್, ನಿಮ್ಮೂರಿಗೆ ಬರೋದು ಕಷ್ಟ, ಮಳೆ ಜಾಸ್ತಿ ಇದೆ, ಪೇಟೆಗೇ ಬರ್ತೀರಾ?” ನಾನು ಆಗಲೇ ಬೈಕ್ ಕೀ ಹಿಡಿದಿದ್ದೆ. ಸಾಗರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯ ಜಗುಲಿಯಲ್ಲಿ ನಿಂತು ಡಬ್ಬ ನೋಡಿದೆವು. ಓಟಿಪಿ ಹೇಳುವ ಮೊದಲು ಡಬ್ಬದ ಮೂಲೆ, ಟೇಪು ನೋಡಿ. ಜಜ್ಜಿದ್ದರೆ, ಟೇಪಿನ ಮೇಲೆ ಟೇಪು ಇದ್ದರೆ ಅಲ್ಲೇ ಹೇಳಿ. ಓಟಿಪಿ ಕೊಟ್ಟಿರಿ ಅಂದರೆ ‘ಸರಿಯಾಗಿ ಸಿಕ್ಕಿತು’ ಅಂತ ಒಪ್ಪಿಕೊಂಡ ಹಾಗೆ. ನಾನು ಇಷ್ಟನ್ನು ಸರಿಯಾಗಿಯೇ ಮಾಡಿದೆ. ಆಮೇಲೆ ಡಬ್ಬಕ್ಕೆ ಎರಡು ಗೊಬ್ಬರದ ಚೀಲ ಸುತ್ತಿ, ಅದರ ಮೇಲೆ ರೈನ್‌ಕೋಟ್ ಹೊದಿಸಿ, ನಾನು ನೆನೆಯುತ್ತಾ ಮನೆಗೆ ಬಂದೆ.

ಡಬ್ಬ ಬಿಚ್ಚೋದನ್ನು ಮೊಬೈಲಿನಲ್ಲಿ ಒಂದೇ ಓಟಕ್ಕೆ ವಿಡಿಯೋ ಮಾಡಿ, ನಡುವೆ ನಿಲ್ಲಿಸಬೇಡಿ. ಡಬ್ಬದ ಮೇಲಿನ ಸೀರಿಯಲ್ ನಂಬರ್, ಲ್ಯಾಪ್‌ಟಾಪಿನ ಹೊಟ್ಟೆಯ ಮೇಲಿನ ನಂಬರ್, ಬಿಲ್ಲಿನಲ್ಲಿರೋ ನಂಬರ್ ಮೂರೂ ಒಂದೇ ಇರಬೇಕು. ಆ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿದರೆ ವಾರಂಟಿ ಯಾವತ್ತಿನಿಂದ ಶುರು ಅಂತ ತೋರಿಸುತ್ತದೆ. ನನ್ನದರಲ್ಲಿ ಅದು ಕಾರ್ಖಾನೆ ಬಿಟ್ಟ ದಿನದಿಂದಲೇ ಓಡುತ್ತಿತ್ತು. ಬಿಲ್ಲು ಕಳಿಸಿ ಕೇಳಿದ ಮೇಲೆ ಸರಿಮಾಡಿದರು. ಎರಡು ಮೂರು ವಾರದ ಮಾತು ನಿಜ, ಆದರೆ ಅದು ನಮ್ಮ ದುಡ್ಡು ಅಲ್ವಾ?

ಮೊದಲ ನೋಟದಲ್ಲಿ ನನ್ನನ್ನು ಗೆದ್ದದ್ದು ಪರದೆ. ಹಳೆಯದು 15.6 ಇಂಚಿನದು, 1366 ಅಡ್ಡ 768 ಚುಕ್ಕಿ (ಪಿಕ್ಸೆಲ್). ಅಂದರೆ ಒಂದು ಇಂಚಿಗೆ ನೂರು ಚುಕ್ಕಿ. ಹೊಸದು 14 ಇಂಚು, 1920 ಅಡ್ಡ 1200, ಇಂಚಿಗೆ ನೂರಾ ಅರವತ್ತರ ಮೇಲೆ. ಇಂಗ್ಲಿಷ್ ಓದುವವರಿಗೆ ಇದು ಅಷ್ಟು ಗೊತ್ತಾಗಲಿಕ್ಕಿಲ್ಲ. ಕನ್ನಡಕ್ಕೆ ಗೊತ್ತಾಗುತ್ತದೆ. ‘ಸ್ತ್ರೀ’, ‘ರಾಷ್ಟ್ರ’ ಅಂತ ಬರೆದಾಗ ಕೆಳಗೆ ಎರಡೆರಡು ಒತ್ತು ಜೋತುಬೀಳುತ್ತವಲ್ಲ, ಹಳೇ ಪರದೆಯಲ್ಲಿ ಅವು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಇಲ್ಲಿ ಒಂದೊಂದೂ ಬಿಡಿಬಿಡಿಯಾಗಿ ಕಂಡಿತು. ಅಗಲಕ್ಕೆ ಹೋಲಿಸಿದರೆ ಪರದೆಯ ಎತ್ತರವೂ ಜಾಸ್ತಿ, ಪುಟದಲ್ಲಿ ನಾಲ್ಕೈದು ಸಾಲು ಹೆಚ್ಚು ಕಾಣುತ್ತದೆ. ಪ್ರೊಸೆಸರ್ ಬಗ್ಗೆ ಅಷ್ಟೊಂದು ಓದಿ ತಲೆ ಕೆಡಿಸಿಕೊಂಡಿದ್ದೆ, ನಿಜ ಹೇಳಬೇಕೆಂದರೆ ನನ್ನ ಕೆಲಸದಲ್ಲಿ ಅದರ ವ್ಯತ್ಯಾಸ ಗೊತ್ತಾದದ್ದು ಆನ್ ಮಾಡುವಾಗ ಮಾತ್ರ. ಪರದೆಯ ವ್ಯತ್ಯಾಸ ದಿನವಿಡೀ.

ಆನ್ ಮಾಡಿದ ಮೇಲೆ ವಿಂಡೋಸ್ 11 ಇಂಟರ್‌ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ, ಆಮೇಲೆ ಅಪ್‌ಡೇಟ್ ಎಳೆಯುತ್ತದೆ. ನಮ್ಮಲ್ಲಿ ಕರೆಂಟು ಹೋದರೆ ಲ್ಯಾಪ್‌ಟಾಪು ನಿಲ್ಲೋದಿಲ್ಲ, ರೂಟರ್ ನಿಲ್ಲುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಒಂದು ಇಡೀ ದಿನ ಇಟ್ಟುಕೊಳ್ಳಿ. 512 ಜಿಬಿ ಅಂತ ಕೊಂಡ ಡಿಸ್ಕು 476 ಅಂತ ತೋರಿಸಿದರೆ ಜಗಳಕ್ಕೆ ಹೋಗಬೇಡಿ. ತಯಾರಕರು ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್ ಅಂತ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಳೇ ಸೇರು, ಹೊಸ ಕೆಜಿ ಇದ್ದ ಹಾಗೆ. ಸಾಮಾನು ಅಷ್ಟೇ ಇದೆ.

ಇನ್ನೊಂದನ್ನು ಮಾತ್ರ ಅವತ್ತೇ ಮಾಡಿ. ಈಗಿನ ಹೊಸ ಯಂತ್ರಗಳಲ್ಲಿ ಡಿಸ್ಕು ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರಬಹುದು. ಅದಕ್ಕೆ 48 ಅಂಕಿಯ ಒಂದು ರಿಕವರಿ ಕೀ ಇರುತ್ತದೆ, ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ನಾಳೆ ಯಾರಾದರೂ ಮದರ್‌ಬೋರ್ಡ್ (ಒಳಗಿನ ಮುಖ್ಯ ಫಲಕ) ಬದಲಿಸಿದರೆ ಅದಿಲ್ಲದೆ ನಿಮ್ಮ ಫೈಲು ನಿಮಗೇ ಸಿಗೋದಿಲ್ಲ.

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ನುಡಿ ಹಾಕಿಕೊಂಡು ಎರಡನೇ ದಿನವೇ ಕೆಲಸ ಶುರು ಮಾಡಿದೆ. ಕೀಬೋರ್ಡು ಮೆತ್ತಗಿತ್ತು, ಕೀಲಿಗಳು ಹಳೆಯದರಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಅಲ್ಲಲ್ಲಿ ದೀರ್ಘ ಬೀಳುತ್ತಿರಲಿಲ್ಲ. ಕೈ ಇನ್ನೂ ಪಳಗಿಲ್ಲ ಅಂದುಕೊಂಡು ತಿದ್ದಿಕೊಳ್ಳುತ್ತಾ ಹೋದೆ. ಮೂರನೇ ದಿನ ‘ಧನಸಹಾಯ’ ಅಂತ ಬರೆದದ್ದು ‘ದನಸಹಾಯ’ ಆಗಿತ್ತು. ನಕ್ಕು ತಿದ್ದಿದೆ. ಐದನೇ ದಿನ ‘ಸಾಧನೆ’ ‘ಸಾದನೆ’ ಆಯಿತು. ವಯಸ್ಸಾಯ್ತು, ಕಣ್ಣು ತೋರಿಸಬೇಕು ಅಂದುಕೊಂಡೆ. ನೋಡಿ, ನನ್ನ ಕೈಯ ಮೇಲೆ ಅನುಮಾನ ಬಂತು, ಕಣ್ಣಿನ ಮೇಲೆ ಬಂತು. ಹೊಸ ಲ್ಯಾಪ್‌ಟಾಪಿನ ಮೇಲೆ ಒಂದು ಸಲವೂ ಬರಲಿಲ್ಲ! ಇಪ್ಪತ್ತೆರಡು ದಿನ ಕಾದು ತಂದ ವಸ್ತು, ಅದು ಹೇಗೆ ತಪ್ಪು ಮಾಡುತ್ತದೆ?

ಒಂಬತ್ತನೇ ದಿನ ‘ಸಂಘ’ ಅನ್ನೋದು ‘ಸಂಗ’ ಆದಾಗ ತಲೆಗೆ ಹೊಳೆಯಿತು. ನುಡಿ ಕೀಲಿಮಣೆಯಲ್ಲಿ ಅಲ್ಪಪ್ರಾಣಕ್ಕೆ ಬರೀ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಜೊತೆ ಅದೇ ಕೀಲಿ. ಧ, ಘ, ಭ, ಥ, ಜೊತೆಗೆ ಶ ಮತ್ತು ಆ ದೀರ್ಘ, ಇವೆಲ್ಲ ಎಡಗೈ ಬೆರಳಿನ ಕೀಲಿಗಳು. ಹತ್ತೂ ಬೆರಳಲ್ಲಿ ಟೈಪ್ ಮಾಡುವವರು ಇವಕ್ಕೆ ಬಲಗಡೆಯ ಶಿಫ್ಟ್ ಒತ್ತುತ್ತಾರೆ. ತಪ್ಪಿದ್ದೆಲ್ಲ ಈ ಅಕ್ಷರಗಳೇ. ಖ, ಣ, ಳ ಒಮ್ಮೆಯೂ ತಪ್ಪಿರಲಿಲ್ಲ, ಯಾಕಂದರೆ ಅವಕ್ಕೆ ಎಡ ಶಿಫ್ಟ್. ನೋಟ್‌ಪ್ಯಾಡ್ ತೆರೆದು ಬಲ ಶಿಫ್ಟ್ ಒತ್ತಿ ಒಂದೇ ಇಂಗ್ಲಿಷ್ ಅಕ್ಷರವನ್ನು ನೂರು ಸಲ ಹೊಡೆದೆ. ಹನ್ನೊಂದು ಸಲ ಸಣ್ಣಕ್ಷರ ಬಿತ್ತು.

ಬದಲಿ ಕೊಡುವ ಅವಧಿ ಏಳು ದಿನ. ಎರಡು ದಿನದ ಹಿಂದೆ ಮುಗಿದಿತ್ತು.

ಆಮೇಲೆ ಉಳಿದದ್ದು ವಾರಂಟಿ. ನನ್ನ ಪುಣ್ಯಕ್ಕೆ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಇತ್ತು. ಅದಿಲ್ಲದಿದ್ದರೆ ನಾನೇ ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋಗಬೇಕಿತ್ತು, ಹೋಗಿಬರೋಕೆ ನೂರೈವತ್ತು ಕಿಲೋಮೀಟರ್ ಹತ್ತಿರ. ಹಳ್ಳಿ, ಸಣ್ಣ ಊರುಗಳಲ್ಲಿ ಇರುವವರು ಇನ್ನೆಲ್ಲಿ ಬೇಕಾದರೂ ಉಳಿತಾಯ ಮಾಡಿ, ಇದೊಂದರಲ್ಲಿ ಬೇಡ. ಭಾಗ ಬರೋಕೆ ಐದು ದಿನ ಆಯ್ತು. ಇಂಜಿನಿಯರ್ ಹುಡುಗ ಬಸ್ಸಿನಲ್ಲಿ ಬಂದ, ಮೇಲ್ಭಾಗದ ಹಲಗೆ ಸಮೇತ ಕೀಬೋರ್ಡ್ ಬದಲಿಸಿದ. ಅಮ್ಮ ಕೊಟ್ಟ ಹಲಸಿನ ಕಡುಬು ತಿಂದು ಕೊನೇ ಬಸ್ಸಿಗೆ ಹೊರಟ.

ಹಾಗಾಗಿ ನಿಮ್ಮದು ಬಂದಾಗ ಮೊದಲ ಎರಡು ದಿನ ಅದನ್ನು ಬೇರೆಯವರ ಲ್ಯಾಪ್‌ಟಾಪ್ ಅಂತ ತಿಳಿದು ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೇಗೆ ಸಂಶಯದಿಂದ ತಡಕುತ್ತೀರೋ ಹಾಗೆ. ಪ್ರತಿ ಕೀಲಿಯನ್ನೂ ಒತ್ತಿ, ಎರಡೂ ಶಿಫ್ಟ್ ಬೇರೆಬೇರೆಯಾಗಿ. ಪರದೆ ತುಂಬ ಬಿಳಿ, ಕಪ್ಪು, ಕೆಂಪು ಬಣ್ಣ ತುಂಬಿಸಿ ಸತ್ತ ಚುಕ್ಕಿ ಇದೆಯಾ ನೋಡಿ, ಕಪ್ಪು ನೋಡುವಾಗ ದೀಪ ಆರಿಸಿ. ಎಲ್ಲ ಯುಎಸ್‌ಬಿ ತೂತುಗಳಿಗೂ ಪೆನ್‌ಡ್ರೈವ್ ಹಾಕಿ. ಕ್ಯಾಮೆರಾ, ಮೈಕ್, ಸ್ಪೀಕರ್‌ಗೆ ಯಾರಿಗಾದರೂ ಒಂದು ವಿಡಿಯೋ ಕಾಲ್ ಸಾಕು. ಬ್ಯಾಟರಿ ಪೂರ್ತಿ ತುಂಬಿಸಿ ಒಮ್ಮೆ ನಿಮ್ಮ ಮಾಮೂಲಿ ಕೆಲಸದಲ್ಲೇ ಖಾಲಿಯಾಗಲು ಬಿಡಿ, ಎಷ್ಟು ಹೊತ್ತು ಬಂತು ಬರೆದಿಡಿ. ಜಾಹೀರಾತಿನ ಗಂಟೆಗಳನ್ನು ಮರೆತುಬಿಡಿ. ನನಗೆ ಐದೂವರೆ ಗಂಟೆ ಬಂತು, ನಮ್ಮೂರಿನ ಕರೆಂಟಿಗೆ ಅದು ಧಾರಾಳ. ಡಬ್ಬ, ಥರ್ಮಾಕೋಲ್ ಒಂದು ತಿಂಗಳು ಅಟ್ಟದ ಮೇಲೆ ಇರಲಿ.

ರಿಪೇರಿ ಆದ ಮೇಲೆ ಆ ಒಂಬತ್ತು ದಿನದಲ್ಲಿ ಟೈಪ್ ಮಾಡಿದ್ದನ್ನೆಲ್ಲ ಮತ್ತೆ ಓದಿದೆ. ಹದಿನಾಲ್ಕು ಕಡೆ ತಪ್ಪು ಸಿಕ್ಕಿತು, ಹದಿಮೂರನ್ನು ತಿದ್ದಿದೆ. ಇನ್ನೊಂದು ಆಗಲೇ ಅಚ್ಚಿಗೆ ಹೋಗಿತ್ತು. ನಮ್ಮ ಕಡೆಯ ಒಂದು ಸಹಕಾರ ಸಂಘದ ವಾರ್ಷಿಕ ವರದಿ, ಅದರ ಹನ್ನೆರಡನೇ ಪುಟದಲ್ಲಿ ‘ಸದಸ್ಯರಿಗೆ ಲಾಬಾಂಶ’ ಅಂತಿದೆ. ಮಹಾಸಭೆ ಮುಗಿದು ಎಷ್ಟೋ ದಿನ ಆಯ್ತು, ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಎಲ್ಲರೂ ಅದರ ಪಕ್ಕದಲ್ಲಿದ್ದ ಅಂಕಿಯನ್ನು ಮಾತ್ರ ನೋಡಿದ್ದಾರೆ ಅಂತ ಕಾಣುತ್ತದೆ.