ಮನೆಯ ರೊಟ್ಟಿ, ಚಟ್ನಿಪುಡಿ ಮಾರಲು ನೋಂದಣಿ ಬೇಕೆ?

ಪ್ರಶ್ನೆ: ಮನೆಯಲ್ಲೇ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಓಣಿಯಲ್ಲಿ ಮಾರುತ್ತೇವೆ. ಪೇಟೆಯ ಕಿರಾಣಿ ಅಂಗಡಿಯವರು ‘ನಂಬರ್ ಇಲ್ಲದ ಪ್ಯಾಕೆಟ್ ಇಡೋದಿಲ್ಲ’ ಅಂತಾರೆ. ಏನು ಮಾಡಬೇಕು?
– ಗೃಹಿಣಿ, ಕೊಪ್ಪಳ

ಉತ್ತರ: ಅಂಗಡಿಯವರು ಹೇಳಿದ್ದು ಸರಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಮನೆಯಲ್ಲಿ ಮಾಡಿ ಮಾರುವವರಿಗೂ ಅನ್ವಯಿಸುತ್ತದೆ. ಓಣಿಯ ಮಾರಾಟಕ್ಕೂ ವಿನಾಯಿತಿ ಇಲ್ಲ. ನಿಮ್ಮಂಥ ಸಣ್ಣ ವಹಿವಾಟಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲಿ ‘ಫಾರ್ಮ್ ಎ’ ತುಂಬಿ, ಫೋಟೊ ಮತ್ತು ಗುರುತಿನ ಚೀಟಿ ಲಗತ್ತಿಸಿ. ರೊಟ್ಟಿ, ಚಟ್ನಿಪುಡಿ ಎರಡನ್ನೂ ನಮೂದಿಸಿ. ದಲ್ಲಾಳಿಗಳಿಗೆ ಸಾವಿರಗಟ್ಟಲೆ ಕೊಡಬೇಡಿ, ದಯವಿಟ್ಟು.

ಸಿಗುವ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲಿರಲಿ. ಜೊತೆಗೆ ನಿಮ್ಮ ವಿಳಾಸ, ನಿವ್ವಳ ತೂಕ, ಬೆಲೆ, ತಯಾರಿಸಿದ ದಿನ, ಬಳಕೆಯ ಅವಧಿ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದು ಮೊದಲು ಬರುವಂತೆ ಬರೆಯಿರಿ. ಶೇಂಗಾ ಅಲರ್ಜಿ ತರುವ ಪದಾರ್ಥ. ಅದು ಇದೆಯೆಂದು ಪ್ರತ್ಯೇಕವಾಗಿ ಕಾಣುವಂತೆ ಬರೆಯಲೇಬೇಕು.

ಮಾಲು ವಾಪಸ್ ಬರುವುದು ಹೆಚ್ಚಾಗಿ ತೇವದಿಂದ. ರೊಟ್ಟಿ ಬಿಸಿಯಿರುವಾಗಲೇ ಸೀಲ್ ಮಾಡಿದರೆ ಒಳಗೆ ಹನಿ ಕಟ್ಟಿ, ಮೆತ್ತಗಾಗಿ, ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಿ, ಮುರಿದರೆ ಕಟಕ್ ಎನ್ನುವಂತಾದ ಮೇಲೆ ಪ್ಯಾಕ್ ಮಾಡಿ. ಚಟ್ನಿಪುಡಿಗೆ ಹಸಿ ಬೆಳ್ಳುಳ್ಳಿ ಬೇಡ, ಹುರಿದೇ ಹಾಕಿ. ಮುದುಡಿದ, ಬಣ್ಣಗೆಟ್ಟ, ಬೂಸ್ಟು ಹಿಡಿದ ಶೇಂಗಾ ಆರಿಸಿ ಎಸೆಯಿರಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.