ನಾಯಿಗೆ ನನ್ನ ತಲೆನೋವು ಮೊದಲೇ ಗೊತ್ತಾಗುತ್ತಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಹನ್ನೊಂದು ವರ್ಷದಿಂದ ಮೈಗ್ರೇನ್ ಇದೆ, ತಿಂಗಳಿಗೆ ನಾಲ್ಕೈದು ಸಲ ಬರುತ್ತೆ. ನಮ್ಮ ಮನೆಯಲ್ಲಿ ಮೂರು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ. ನೋವು ಶುರುವಾಗೋಕೆ ಒಂದು ಗಂಟೆ ಮುಂಚೆ ಅದು ನನ್ನ ಹಿಂದೆಯೇ ಸುತ್ತುತ್ತೆ, ಮೊಣಕಾಲಿಗೆ ಮೂಗು ಒತ್ತುತ್ತೆ. ಮನೆಯವರು ‘ಎಲ್ಲಾ ನಿನ್ನ ಭ್ರಮೆ’ ಅಂತಾರೆ. ನಾಯಿಗೆ ನಿಜವಾಗಿ ಗೊತ್ತಾಗುತ್ತಾ? ತರಬೇತಿ ಕೊಡಿಸಿ ಸರ್ವಿಸ್ ಡಾಗ್, ಅಂದ್ರೆ ಕಾಯಿಲೆ ಇರೋರಿಗೆ ನೆರವಾಗೋ ನಾಯಿ, ಮಾಡಬಹುದಾ? ಅದು ಮೂಗು ಒತ್ತಿದ ತಕ್ಷಣ ಮಾತ್ರೆ ತಗೊಳ್ಳಲಾ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಾಲ ಬಳಿ ನನ್ನ ನಾಯಿ ಚುಕ್ಕಿ ಮಲಗಿದ್ದಳು. ನನ್ನ ಅರೆತಲೆನೋವಿಗೆ 22 ವರ್ಷ, ಚುಕ್ಕಿ ಜೊತೆಯಾಗಿ ಆರು ವರ್ಷ. ಹಾಗಾಗಿ ನಿಮ್ಮ ಮೂರೂ ಪ್ರಶ್ನೆಗಳನ್ನು ನಾನೂ ಕೇಳಿಕೊಂಡವಳೇ.

ಮೊದಲು ಭ್ರಮೆಯ ಮಾತು. ನಿಮ್ಮ ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವೈದ್ಯೆ ಡಾನ್ ಮಾರ್ಕಸ್ ಮತ್ತು ಅಮೃತಾ ಭೌಮಿಕ್ ಅವರು ಮೈಗ್ರೇನ್ ಇದ್ದು ನಾಯಿಯನ್ನೂ ಸಾಕಿದ 1,029 ಜನರನ್ನು ವಿಚಾರಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ, ನೋವಿನ ಮುಂಚೆ ಅಥವಾ ನೋವಿನ ಹೊತ್ತಿಗೆ ನಾಯಿಯ ನಡವಳಿಕೆ ಬದಲಾಗುತ್ತದೆ ಎಂದರು. ಅವರಲ್ಲಿ ಸುಮಾರು ನೂರಕ್ಕೆ ಅರುವತ್ತು ಮಂದಿ, ನಾಯಿ ಮುನ್ಸೂಚನೆಯನ್ನೇ ಕೊಡುತ್ತದೆ ಎಂದರು. ಅದೂ ಹೆಚ್ಚಾಗಿ ಒಂದೆರಡು ಗಂಟೆ ಮುಂಚೆ. ಆದರೆ ಇದು ನಾಯಿ ಸಾಕಿದವರು ತಾವೇ ನೆನಪಿಸಿಕೊಂಡು ಹೇಳಿದ್ದು. ನಾಯಿಯನ್ನು ಕೂರಿಸಿ ಮಾಡಿದ ಪರೀಕ್ಷೆ ಅಲ್ಲ. ನಾಯಿ ಸರಿಯಾಗಿ ಹೇಳಿದ ದಿನ ನಮಗೆ ನೆನಪಿರುತ್ತದೆ, ತಪ್ಪಿದ ದಿನ ಮರೆತುಹೋಗುತ್ತದೆ, ಅಲ್ವಾ?

ನಾಯಿಗೆ ಹೇಗೆ ತಿಳಿಯುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ವಾಸನೆ ಇರಬಹುದು. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ತೋರಿಸಿದ್ದಾರೆ: ಒಬ್ಬ ಮನುಷ್ಯ ನಿರಾಳವಾಗಿದ್ದಾಗಿನ ಬೆವರು, ಉಸಿರಿನ ವಾಸನೆಗೂ ಒತ್ತಡದಲ್ಲಿದ್ದಾಗಿನ ವಾಸನೆಗೂ ಇರುವ ವ್ಯತ್ಯಾಸವನ್ನು ತರಬೇತಾದ ನಾಯಿಗಳು ಹಿಡಿಯುತ್ತವೆ. ಮೈಗ್ರೇನ್ ಬೇರೆ, ಒತ್ತಡ ಬೇರೆ. ಆದರೂ ಮೂಗಿನ ಸಾಮರ್ಥ್ಯ ಎಷ್ಟೆಂದು ಅಂದಾಜಾಗುತ್ತದೆ. ಇಲ್ಲವಾದರೆ ನಾಯಿ ನಮ್ಮನ್ನು ನೋಡಿಯೇ ಕಂಡುಹಿಡಿಯುತ್ತಿರಬಹುದು. ನೋವು ಶುರುವಾಗುವ ಕೆಲವು ಗಂಟೆ ಮುಂಚೆ, ಕೆಲವರಿಗೆ ಒಂದೆರಡು ದಿನ ಮುಂಚೆಯೇ ಮೈಯಲ್ಲಿ ಬದಲಾವಣೆ ಶುರುವಾಗುತ್ತದೆ. ಮೇಲಿಂದ ಮೇಲೆ ಆಕಳಿಕೆ, ಕತ್ತು ಬಿಗಿಯುವುದು, ಸುಮ್ನೆ ಸಿಡುಕು, ಪದೇ ಪದೇ ಮೂತ್ರಕ್ಕೆ ಹೋಗುವುದು. ನಮ್ಮಕ್ಕ ನನ್ನನ್ನು ನೋಡಿ ‘ಇವತ್ತು ನಿನಗೆ ಬರುತ್ತೆ ಕಣೇ’ ಅನ್ನುತ್ತಿದ್ದಳು. ನಾನು ಆಕಳಿಸಿದ್ದು ನನಗೇ ಗೊತ್ತಿರುತ್ತಿರಲಿಲ್ಲ. ದಿನವಿಡೀ ನಮ್ಮನ್ನೇ ನೋಡುತ್ತಿರುವ ನಾಯಿಗೆ ಅಕ್ಕನಷ್ಟಾದರೂ ಗೊತ್ತಾಗದೇ ಇರುತ್ತದಾ?

ಆದ್ದರಿಂದ ಮನೆಯವರ ಜೊತೆ ವಾದ ಮಾಡಬೇಡಿ. ಅವರ ಕೈಗೊಂದು ಪುಸ್ತಕ ಕೊಡಿ. ನಾಯಿ ಯಾವಾಗ ಮೂಗು ಒತ್ತಿತು, ಯಾವಾಗ ಹಿಂದೆ ಸುತ್ತಿತು ಎಂದು ಅವರು ಗಂಟೆ ಸಮೇತ ಬರೆಯಲಿ. ನೋವು ಬಂದ ಹೊತ್ತನ್ನು ನೀವು ಬೇರೆ ಪುಸ್ತಕದಲ್ಲಿ ಬರೆಯಿರಿ. ಮೂರು ತಿಂಗಳು ಒಬ್ಬರದ್ದು ಒಬ್ಬರು ನೋಡಬೇಡಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾಯಿ ಬಂದೂ ನೋವು ಬಾರದ ದಿನ ಎಷ್ಟು, ನೋವು ಬಂದೂ ನಾಯಿ ಸುಮ್ಮನಿದ್ದ ದಿನ ಎಷ್ಟು ಎಂದು ಮುಖ್ಯವಾಗಿ ಎಣಿಸಿ. ನಾನು ಬರೆದಿಟ್ಟ ಮೊದಲ ಮೂರು ತಿಂಗಳಲ್ಲಿ 13 ಸಲ ನೋವು ಬಂದಿತ್ತು. ಚುಕ್ಕಿ 8 ಸಲ ಮೊದಲೇ ಹೇಳಿದ್ದಳು, 5 ಸಲ ಇಲ್ಲ. ಇನ್ನೂ 6 ಸಲ ಸುಮ್ನೆ ಬಂದು ಕೈ ನೆಕ್ಕಿದ್ದಳು. ಆ ಲೆಕ್ಕ ನೋಡಿ ನನಗೆ ಬೇಸರವಾಗಿತ್ತು. ಆದರೆ ಅದರಿಂದಲೇ ತರಬೇತುದಾರರಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಿತು.

ಇನ್ನು ಮಾತ್ರೆ. ನಾಯಿ ಬಂದ ತಕ್ಷಣ ನುಂಗಬೇಡಿ. ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಜಾತಿಯ ಮಾತ್ರೆಗಳು ನೋವು ಇನ್ನೂ ಸಣ್ಣದಿರುವಾಗ ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ, ನಿಜ. ಆದರೆ ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಜಾಸ್ತಿ ದಿನ ಟ್ರಿಪ್ಟಾನ್, 15 ದಿನ ಅಥವಾ ಜಾಸ್ತಿ ಮಾಮೂಲಿ ನೋವಿನ ಮಾತ್ರೆ, ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯಿಂದಲೇ ತಲೆನೋವು ಹುಟ್ಟಿಕೊಳ್ಳಬಹುದು. ನನ್ನ ಆ 6 ಸುಳ್ಳು ಸೂಚನೆಗೂ ಮಾತ್ರೆ ನುಂಗಿದ್ದರೆ ಏನಾಗುತ್ತಿತ್ತು ಯೋಚಿಸಿ. ಚುಕ್ಕಿ ಬಂದಾಗ ನಾನು ಮಾಡುವುದಿಷ್ಟೇ: ಕೈಯಲ್ಲಿರುವ ಕೆಲಸ ನಿಲ್ಲಿಸುತ್ತೇನೆ, ಕತ್ತು ತಿರುಗಿಸಿ ನೋಡುತ್ತೇನೆ, ನೀರು ಕುಡಿಯುತ್ತೇನೆ, ಗಾಡಿ ಮುಟ್ಟುವುದಿಲ್ಲ. ಮಾತ್ರೆ ಯಾವ ಹಂತದಲ್ಲಿ ಎಂದು ನಿಮ್ಮ ವೈದ್ಯರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಎರಡೂ ಪುಸ್ತಕಗಳನ್ನು ಅವರಿಗೂ ತೋರಿಸಿ.

ತರಬೇತಿ ಬಗ್ಗೆ. ಮೊದಲೇ ತಿಳಿಯುವುದೊಂದರಿಂದ ನಾಯಿ ಸರ್ವಿಸ್ ಡಾಗ್ ಆಗುವುದಿಲ್ಲ. ಕಾಯಿಲೆಗೆ ಸಂಬಂಧಪಟ್ಟ ನಿರ್ದಿಷ್ಟ ಕೆಲಸ ಕಲಿತಿರಬೇಕು. ಅಮೆರಿಕದ ಕಾನೂನು ಇದನ್ನೇ ಹೇಳುತ್ತದೆ. ಜೊತೆಗಿದ್ದು ಸಮಾಧಾನ ಕೊಡುವ ನಾಯಿಯನ್ನು ಅದು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಮುನ್ಸೂಚನೆ ಕಲಿಸುವವರು ನೋವು ಶುರುವಾಗುವ ಹೊತ್ತಿಗೆ ನಮ್ಮ ಎಂಜಲನ್ನು ಹತ್ತಿಯಲ್ಲಿ ತೆಗೆಸಿ, ಗಾಜಿನ ಡಬ್ಬಿಯಲ್ಲಿ ಮುಚ್ಚಿ ಫ್ರೀಜರ್‌ನಲ್ಲಿ ಇಡಿಸುತ್ತಾರೆ. ಆರಾಮಾಗಿರುವ ದಿನದ್ದೂ ಬೇಕು, ಹೋಲಿಸಲು. ನೋವಿನ ದಿನದ ಡಬ್ಬಿಯನ್ನು ಸರಿಯಾಗಿ ಗುರುತಿಸಿದಾಗ ಮಾತ್ರ ನಾಯಿಗೆ ತಿನಿಸು. ಜೊತೆಗೆ ಒಂದೇ ಒಂದು ಸ್ಪಷ್ಟ ಸನ್ನೆ ಕಲಿಸುತ್ತಾರೆ. ಚುಕ್ಕಿ ಎಡ ಪಂಜವನ್ನು ನನ್ನ ತೊಡೆ ಮೇಲಿಟ್ಟು ತೆಗೆಯುವುದೇ ಇಲ್ಲ. ಪೂರ್ತಿ ತರಬೇತಿಗೆ ಒಂದೂವರೆ, ಎರಡು ವರ್ಷ ಬೇಕಾಗುತ್ತದೆ. ಮೂರು ವರ್ಷದ ನಾಯಿಗೆ ವಯಸ್ಸೇನೂ ಮೀರಿಲ್ಲ. ಆದರೆ ಗದ್ದಲಕ್ಕೆ ಬೆದರುವ ನಾಯಿಯಾದರೆ ಒತ್ತಾಯ ಬೇಡ.

ನನ್ನನ್ನು ಕೇಳಿದರೆ, ನೋವು ಬಂದ ಮೇಲೆ ಮಾಡುವ ಕೆಲಸವೇ ದೊಡ್ಡದು. ಹೋದ ವಾರ ಬರೆಯುತ್ತಾ ಕೂತಿದ್ದೆ. ಪದದ ನಡುವಿನ ಅಕ್ಷರ ಕಾಣೆಯಾಯಿತು, ಆಮೇಲೆ ಅದೇ ಜಾಗದಲ್ಲಿ ಗರಗಸದ ಹಲ್ಲಿನಂಥ ಬೆಳಕು. ನನಗೆ ಔರಾ, ಅಂದರೆ ನೋವಿಗೆ ಮುಂಚೆ ಕಣ್ಣಿಗೆ ಕಾಣುವ ಇಂಥ ಬದಲಾವಣೆ, ಹೀಗೇ ಬರುತ್ತದೆ. ಚುಕ್ಕಿ ಮುನ್ಸೂಚನೆ ಕೊಟ್ಟಿರಲಿಲ್ಲ. ಆದರೆ ‘ಚೀಲ’ ಎಂದ ತಕ್ಷಣ ಎದ್ದಳು. ಕೆಳಗಿನ ಕಪಾಟಿನಿಂದ ಮಾತ್ರೆ ಚೀಲವನ್ನು ಹಿಡಿಯಿಂದ ಕಚ್ಚಿ ತಂದು ಮಡಿಲಿಗೆ ಹಾಕಿದಳು. ಹಿಡಿ ಜೊಲ್ಲಿನಿಂದ ಒದ್ದೆಯಾಗಿತ್ತು. ಬಾಗಿಲ ಹಿಡಿಗೆ ಕಟ್ಟಿದ ಬಟ್ಟೆ ಎಳೆದು ಕೋಣೆ ಕತ್ತಲು ಮಾಡಿದಳು. ಆಮೇಲೆ ಬಂದು ನನ್ನ ಎರಡೂ ಕಾಲಿನ ಮೇಲೆ ಅಡ್ಡಲಾಗಿ ಮಲಗಿದಳು. ಆ ಭಾರ ಇದ್ದರೆ ನನಗೆ ಉಸಿರು ನಿಧಾನವಾಗುತ್ತದೆ. ಇದಕ್ಕೆಲ್ಲ ಮುನ್ಸೂಚನೆ ಬೇಕಿಲ್ಲ. ನಿಮ್ಮ ನಾಯಿಗೂ ಇಲ್ಲಿಂದಲೇ ಶುರು ಮಾಡಿ.

ಒಂದು ಎಚ್ಚರಿಕೆ. ಚೀಲ ಗಟ್ಟಿಯಾಗಿರಲಿ, ಜಿಪ್ ಇರಲಿ, ಒಳಗೆ ಮಾತ್ರೆ ಇನ್ನೊಂದು ಡಬ್ಬಿಯಲ್ಲಿರಲಿ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಪ್ಯಾರಾಸಿಟಮಾಲ್ ನಾಯಿಗೆ ವಿಷ. ಕೆಳಗೆ ಬಿದ್ದ ಒಂದೇ ಮಾತ್ರೆಯಾದರೂ ಹುಡುಕಿ ಎತ್ತಿ. ಇನ್ನೊಂದು, ಯಾವತ್ತೂ ಇಲ್ಲದಂತೆ ಸಿಡಿಲು ಹೊಡೆದ ಹಾಗೆ ತಲೆನೋವು ಬಂದರೆ, ಜ್ವರದ ಜೊತೆ ಕತ್ತು ಸೆಟೆದರೆ, ಕೈಕಾಲು ಸೋತರೆ ನಾಯಿಯನ್ನೂ ಪುಸ್ತಕವನ್ನೂ ನೋಡುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ, ಮೈಗ್ರೇನ್ ಇದೆ. ಅದಕ್ಕಾಗಿಯೇ ಒಂದು ನಾಯಿಮರಿ ತರೋಣ ಅಂತಿದ್ದೇವೆ. ಯಾವ ತಳಿ ಒಳ್ಳೆಯದು?

ಉತ್ತರ: ಮೈಗ್ರೇನ್ ಹೇಳುತ್ತದೆ ಎಂದು ಮೊದಲೇ ಮಾತು ಕೊಡಬಹುದಾದ ತಳಿ ಯಾವುದೂ ಇಲ್ಲ. ಹಾಗೆ ಹೇಳಿ ಮರಿ ಮಾರುವವರನ್ನು ನಂಬಬೇಡಿ. ಮರಿ ಬೊಗಳುತ್ತದೆ, ರಾತ್ರಿ ಅಳುತ್ತದೆ. ಮಗಳು ಕತ್ತಲೆ ಕೋಣೆಯಲ್ಲಿ ಮಲಗಿದ ದಿನವೂ ಅದನ್ನು ಹೊರಗೆ ಕರೆದೊಯ್ಯಬೇಕು. ಆ ಕೆಲಸ ನಿಮ್ಮದೇ ಎಂದುಕೊಂಡರೆ ಮಾತ್ರ ಮುಂದುವರಿಯಿರಿ. ಮೈಗ್ರೇನ್ ಇರುವ ಕೆಲವರಿಗೆ ವಾಸನೆಯೂ ತಡೆಯುವುದಿಲ್ಲ. ನೋವು ಇಳಿದ ಮರುದಿನ ಮಗಳನ್ನು ನಾಯಿ ಇರುವ ಪರಿಚಯದ ಮನೆಗೆ ಕರೆದುಕೊಂಡು ಹೋಗಿ, ಅರ್ಧ ಗಂಟೆ ಕೂರಿಸಿ. ಒದ್ದೆ ನಾಯಿಯ ವಾಸನೆಗೆ ಮುಖ ತಿರುಗಿಸುತ್ತಾಳೋ, ಹತ್ತಿರ ಕರೆದು ಕೂರಿಸಿಕೊಳ್ಳುತ್ತಾಳೋ ನೋಡಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.