ಬೆಳಗಿನ ತಿಂಡಿ, ಹಿಮೋಗ್ಲೋಬಿನ್ ಮತ್ತು ಶೌಚಾಲಯದ ಚಿಲಕ

ನಿಮ್ಮ ಸರ್ಕಾರಿ ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಆರೋಗ್ಯಕ್ಕೆಂದು ಒಂದು ಕೊಠಡಿ, ಸ್ವಲ್ಪ ಹಣ ಸಿಕ್ಕಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನೂ ತಾಲ್ಲೂಕು ಕೇಂದ್ರದ ಇಂಥದ್ದೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಎನ್‌ಎಸ್‌ಎಸ್ ಕೆಲಸವೂ ನನ್ನ ಪಾಲಿಗೇ ಇದೆ. ಸಾಮಾನು ಕೊಳ್ಳುವುದಕ್ಕೆ ಮೊದಲು ಹೆಣ್ಣುಮಕ್ಕಳ ರಕ್ತ ಪರೀಕ್ಷೆ ಮಾಡಿಸಿ.

ನಮ್ಮಲ್ಲಿ ಮೊದಲ ಪೀರಿಯಡ್‌ನಲ್ಲೇ ಡೆಸ್ಕಿಗೆ ತಲೆ ಇಟ್ಟು ಮಲಗುವ ಹುಡುಗಿಯರಿದ್ದರು. ರಾತ್ರಿಯೆಲ್ಲ ಮೊಬೈಲ್ ನೋಡ್ತೀರಿ ಎಂದು ನಾನೇ ಬೈದಿದ್ದೇನೆ. ಒಂದು ದಿನ ಎರಡನೇ ಬಿ.ಎ. ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರೆ ಹಿಮೋಗ್ಲೋಬಿನ್ 7.4. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರಬೇಕು, 8ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ. ಬೆಳಗ್ಗೆ ಏನು ತಿಂದೆಯವ್ವ ಎಂದು ಡಾಕ್ಟರು ಕೇಳಿದಾಗ 'ಚಾ ಕುಡಿದೀನ್ರಿ' ಎಂದಳು. ಅವಳ ಊರಿನ ಬಸ್ಸು ಬಿಡುವುದು ಆರೂಮುಕ್ಕಾಲಿಗೆ. ಅಷ್ಟು ಹೊತ್ತಿಗೆ ಯಾವ ಮನೆಯಲ್ಲಿ ರೊಟ್ಟಿ ಬಡಿದು ಮುಗಿದಿರುತ್ತದೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಚಾರ್ಜಿನ ಚಿಂತೆ ತಪ್ಪಿತು, ಬಸ್ಸಿನ ಹೊತ್ತು ಮಾತ್ರ ಅದೇ ಇದೆ.

ಅವಳೊಬ್ಬಳ ಕಥೆಯಲ್ಲ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ನಿಮ್ಮ ತರಗತಿಯಲ್ಲೂ ಇದ್ದೇ ಇರುತ್ತದೆ.

ಪ್ರಾಂಶುಪಾಲರ ಸಹಿಯೊಂದಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯಾಧಿಕಾರಿಗೆ ಪತ್ರ ಕೊಡಿ. ನಮ್ಮಲ್ಲಿ ಅವರೇ ಬಂದು ಬೆರಳು ಚುಚ್ಚಿ ಪರೀಕ್ಷೆ ಮಾಡಿದರು, ಕಬ್ಬಿಣಾಂಶದ ಮಾತ್ರೆಯನ್ನೂ ಕೊಟ್ಟರು. ಆದರೆ ಮೊದಲ ಸಲ ನಾವೊಂದು ದೊಡ್ಡ ತಪ್ಪು ಮಾಡಿದೆವು: ಎಲ್ಲರ ಮುಂದೆ ಹೆಸರು ಕೂಗಿ ಎಷ್ಟಿದೆ ಎಂದು ಓದಿಬಿಟ್ಟೆವು. ಕಡಿಮೆ ಬಂದವರು ನಾಚಿಕೊಂಡು ಮುಂದಿನ ತಪಾಸಣೆಗೆ ಬರಲೇ ಇಲ್ಲ. ಈಗ ಚೀಟಿಯಲ್ಲಿ ಬರೆದು ಅವರವರ ಕೈಗೇ ಕೊಡುತ್ತೇವೆ.

ಮಾತ್ರೆ ಕೊಟ್ಟರೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ನುಂಗಿದ ಮೇಲೆ ಮಲ ಕಪ್ಪಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ, ಮಾತ್ರೆ ಬ್ಯಾಗಿನ ತಳದಲ್ಲೇ ಉಳಿಯುತ್ತದೆ. ಊಟದ ಜೊತೆಗೋ ಊಟವಾದ ಮೇಲೋ ನುಂಗಿದರೆ ತೊಳಸುವುದು ಕಡಿಮೆ. ಚಾ ಕುಡಿಯುತ್ತಲೇ ನುಂಗಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದೆರಡು ತಾಸು ಅಂತರ ಬೇಕು. ನಿಂಬೆಹಣ್ಣಿನ ಪಾನಕ ಕುಡಿದರೆ ಒಳ್ಳೆಯದು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಡಾಕ್ಟರು ಹೇಳುವಷ್ಟು ತಿಂಗಳು ಮುಂದುವರಿಸಬೇಕು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಇದನ್ನು ಹುಡುಗಿಯರು ತಾವಾಗಿ ಹೇಳುವುದು ಕಷ್ಟ, ಮಹಿಳಾ ಉಪನ್ಯಾಸಕರೊಬ್ಬರು ಕೇಳಲಿ.

ಇನ್ನು ತಿಂಡಿ. ಮೊದಲ ಪೀರಿಯಡ್ ಮುಗಿದ ಮೇಲೆ ಹದಿನೈದು ನಿಮಿಷ ಬಿಡುವು ಕೊಡಿಸಿ. ನಾವು ಹಳೆಯ ವಿದ್ಯಾರ್ಥಿಗಳ ಸಹಾಯದಿಂದ ಬೇಯಿಸಿದ ಮಡಕಿಕಾಳು, ಶೇಂಗಾದ ಉಂಡಿ ಕೊಡುತ್ತಿದ್ದೇವೆ. ಹುಡುಗರಿಗೂ ಕೊಡಿ, ಅವರೂ ಹಸಿದೇ ಬಂದಿರುತ್ತಾರೆ.

ನಿಮಗೆ ಸಿಕ್ಕ ಹಣದಲ್ಲಿ ಮೊದಲ ಖರ್ಚು ಶೌಚಾಲಯಕ್ಕೆ ಆಗಲಿ ಎಂಬುದು ನನ್ನ ಬೇಡಿಕೆ. ನಲ್ಲಿಯಲ್ಲಿ ನೀರು, ಬಾಗಿಲಿಗೆ ಚಿಲಕ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ. ಇವಿಲ್ಲದ ಕಾಲೇಜಿನಲ್ಲಿ ಹುಡುಗಿಯರು ಬೆಳಗಿನಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ, ಆಮೇಲೆ ಉರಿಮೂತ್ರವೆಂದು ಒದ್ದಾಡುತ್ತಾರೆ. ಬಾಟಲಿ ತುಂಬಿಕೊಂಡು ಬರುತ್ತಾರೆ, ತುಂಬಿದ ಬಾಟಲಿಯನ್ನೇ ಮನೆಗೆ ಒಯ್ಯುತ್ತಾರೆ. ಇದನ್ನು ಕಣ್ಣಾರೆ ಕಂಡು ನನಗೆ ಬಹಳ ಸಂಕಟವಾಗಿದೆ.

ಕೊಠಡಿಯನ್ನು ಮಾತಾಡಲು ಇಟ್ಟುಕೊಳ್ಳಿ. ಎರಡು ಕುರ್ಚಿ, ಒಂದು ಪರದೆ, ಗೋಡೆಯ ಮೇಲೆ ಟೆಲಿ ಮಾನಸ್ ಸಂಖ್ಯೆ 14416 ಸಾಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಪರೀಕ್ಷೆಯ ಭಯ, ಮನೆಯಲ್ಲಿ ಮದುವೆಗೆ ಒತ್ತಾಯ ಎಂದು ಅಳುತ್ತ ಬಂದವರನ್ನು ಅಲ್ಲಿ ಕೂರಿಸಿ, ಫೋನ್ ಹಚ್ಚಿಕೊಟ್ಟು, ನೀವು ಹೊರಗೆ ನಿಲ್ಲಿ.

ಪಿಎಚ್‌ಸಿಗೆ ನಾವು ಬರೆದ ಪತ್ರದ ಒಕ್ಕಣೆ ಬೇಕಿದ್ದರೆ ಕೇಳಿ, ಇಲ್ಲೇ ಹಾಕುತ್ತೇನೆ.